ಇಲಿ ಬೋನಿನ ವಾಸನೆ ತೆಗೆಯುವುದು ಹೇಗೆ? ಚೊಗರಿನಲ್ಲಿ ಕುದಿಸಿದವರು ಯಾರಾದರೂ ಇದ್ದೀರಾ?

ತೋಟದಮನೆ, ಹೊಸನಗರ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರದ ಹತ್ತಿರ ಹಳೇ ಹೆಂಚಿನ ಮನೆ. ಹಿಂದೆ ಅಡಿಕೆ ತೋಟ, ಮುಂದೆ ಸ್ವಲ್ಪ ಗದ್ದೆ. ಈ ವರ್ಷ ಅಟ್ಟದ ಮೇಲೆ ಇಲಿ ಕಾಟ ತಡೆಯಲು ಆಗುತ್ತಿಲ್ಲ. ಬಿತ್ತನೆ ಭತ್ತದ ಚೀಲ ಮೂರು ಕಡೆ ತೂತು. ಬೇಸಿಗೆಯಲ್ಲಿ ಅಷ್ಟು ಕಷ್ಟಪಟ್ಟು ಮಾಡಿಟ್ಟ ಹಲಸಿನ ಹಪ್ಪಳದ ಡಬ್ಬಿ, ಅದರ ಪ್ಲಾಸ್ಟಿಕ್ ಮುಚ್ಚಳವನ್ನೇ ಕೊರೆದು ಒಳಗೆ ನುಗ್ಗಿವೆ.

ಸಂತೆಯಿಂದ ಎರಡು ಬೋನು ತಂದೆ. ಒಂದು ತಂತಿಯದು, ಇನ್ನೊಂದು ಹಲಗೆಗೆ ಸ್ಪ್ರಿಂಗ್ ಹೊಡೆದ ಕತ್ತರಿ. ಹತ್ತು ದಿನ ಆಯಿತು, ಒಂದೂ ಬಿದ್ದಿಲ್ಲ. ಬೋನಿನ ಸುತ್ತ ಹಿಕ್ಕೆ ಇದೆ, ಒಳಗೆ ಕೊಬ್ಬರಿ ಹಾಗೇ ಇದೆ. ಎರಡಕ್ಕೂ ಮಿಷನ್ ಆಯಿಲ್ ವಾಸನೆ ಹೊಡೆಯುತ್ತಿತ್ತು. ಅದು ಹೋಗಲಿ ಅಂತ ಫಿನಾಯಿಲ್ ಹಾಕಿ ಉಜ್ಜಿದೆ. ಈಗ ಇಲಿ ಆ ಮೂಲೆಗೇ ಬರುತ್ತಿಲ್ಲ!

ನಮ್ಮ ಅತ್ತೆ ಹೇಳುತ್ತಾರೆ, ಅವರ ಮಾವನವರು ಹೊಸ ಬೋನು ತಂದರೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ, ಕುದಿಸಿ ತೆಗೆದೇ ಇಡುತ್ತಿದ್ದರಂತೆ. ಹೇಗೆ ಅಂತ ಅತ್ತೆಗೆ ಸರಿಯಾಗಿ ನೆನಪಿಲ್ಲ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ವಿಷ ಇಡುವುದು ಬೇಡ. ಮನೆಯಲ್ಲಿ ಬೆಕ್ಕಿದೆ, ತೋಟದಲ್ಲಿ ಗೂಬೆ ಜೋಡಿ ಇದೆ. ವಿಷ ತಿಂದ ಇಲಿಯನ್ನು ಅವು ಹಿಡಿದರೆ ಅವಕ್ಕೂ ಅಪಾಯ.

ಆಗುಂಬೆ ಮಳೆ:

ಅಯ್ಯೋ ಅಕ್ಕ, ಫಿನಾಯಿಲ್ ಬೇಡವಾಗಿತ್ತು. ಆ ವಾಸನೆ ಕಬ್ಬಿಣದಿಂದ ಹೋದರೂ ಮರದ ಹಲಗೆಯಿಂದ ಬೇಗ ಹೋಗುವುದಿಲ್ಲ.

ಕಮ್ಮಾರಸಾಲೆ, ಸಾಗರ:

ಅಕ್ಕ, ಬೋನು ಕಟ್ಟುವುದು, ಸ್ಪ್ರಿಂಗ್ ಹಾಕುವುದು ನಮ್ಮ ಮನೆಯ ಕೆಲಸ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಎಣ್ಣೆ ಇರುವುದು ತುಕ್ಕು ಹಿಡಿಯದಿರಲಿ ಅಂತ. ತಂತಿ ಎಳೆಯುವಾಗ, ಸ್ಪ್ರಿಂಗ್ ಸುತ್ತುವಾಗ ಹಚ್ಚಿದ್ದು ಹಾಗೇ ಉಳಿದಿರುತ್ತದೆ. ತಣ್ಣೀರು, ಸೋಪು ಹಾಕಿ ತೊಳೆದರೆ ಮೇಲಿನದು ಮಾತ್ರ ಹೋಗುತ್ತದೆ. ಸ್ಪ್ರಿಂಗಿನ ಸುರುಳಿ ಒಳಗೆ, ತಂತಿ ಒಂದಕ್ಕೊಂದು ಸೇರುವ ಗಂಟಿನಲ್ಲಿ ಎಣ್ಣೆ ಕೂತಿರುತ್ತದೆ. ನಾಲ್ಕು ಅಂಟುವಾಳ ಕಾಯಿ ಜಜ್ಜಿ ಒಂದು ಹಳೇ ಪಾತ್ರೆ ನೀರಿಗೆ ಹಾಕಿ. ನೀರು ಕುದಿ ಬಂದ ಮೇಲೆ ಬೋನು ಮುಳುಗಿಸಿ ಅರ್ಧ ಗಂಟೆ ಬಿಡಿ. ಅಂಟುವಾಳ ಇಲ್ಲದಿದ್ದರೆ ಎರಡು ಚಮಚ ವಾಷಿಂಗ್ ಸೋಡಾ. ಪರಿಮಳದ ಸೋಪಿನ ಪುಡಿ ಮಾತ್ರ ಬೇಡ.

ಒಂದು ವಿಷಯ ನೋಡಿಕೊಳ್ಳಿ. ಎಣ್ಣೆ ನೀರಿನ ಮೇಲೆ ತೆಳ್ಳಗೆ ಬಣ್ಣಬಣ್ಣವಾಗಿ ತೇಲುತ್ತದೆ. ಬೋನನ್ನು ಹಾಗೇ ಮೇಲಕ್ಕೆ ಎತ್ತಿದರೆ ಆ ಪೊರೆಯೆಲ್ಲ ವಾಪಸ್ಸು ಕಬ್ಬಿಣಕ್ಕೆ ಅಂಟುತ್ತದೆ. ಮೊದಲು ಮೇಲಿಂದ ಬಿಸಿನೀರು ಸುರಿದು ಪಾತ್ರೆ ತುಂಬಿ ಹರಿಯಲಿ, ಪೊರೆ ಹೊರಗೆ ಹೋಗಲಿ. ಆಮೇಲೆ ಎತ್ತಿ. ಕತ್ತರಿಯಲ್ಲಾದರೆ ಮೊಳೆ ಕಿತ್ತು ಕಬ್ಬಿಣವನ್ನು ಬೇರೆ ಮಾಡಿ ಕುದಿಸಿ. ಹಲಗೆ ಕುದಿಸಿದರೆ ಸೊಟ್ಟಗಾಗುತ್ತದೆ.

ಬೆಂಕಿಗೆ ಮಾತ್ರ ಹಾಕಬೇಡಿ. ಚಿಕ್ಕವನಿದ್ದಾಗ ನಾನು ಇದೇ ತಪ್ಪು ಮಾಡಿದೆ. ವಾಸನೆ ಬೇಗ ಸುಟ್ಟು ಹೋಗಲಿ ಅಂತ ಬಚ್ಚಲ ಒಲೆಯ ಕೆಂಡಕ್ಕೆ ಕತ್ತರಿ ಇಟ್ಟೆ. ಕೆಂಪಗೆ ಕಾದು ತಣ್ಣಗಾದ ಮೇಲೆ ನೋಡಿದರೆ ಸ್ಪ್ರಿಂಗಿನ ಹದವೇ ಹೋಗಿತ್ತು. ಬೆರಳಲ್ಲಿ ಎಳೆದರೆ ಎಳೆದಲ್ಲೇ ನಿಲ್ಲುತ್ತಿತ್ತು. ಅಪ್ಪ ಬೈಯಲಿಲ್ಲ. ಆ ಸ್ಪ್ರಿಂಗನ್ನು ಸಾಲೆಯ ಗೋಡೆಗೆ ನೇತುಹಾಕಿದರು. ಕುದಿಯುವ ನೀರಿನಿಂದ ಸ್ಪ್ರಿಂಗಿಗೆ ಏನೂ ಆಗುವುದಿಲ್ಲ, ಕೆಂಡದಿಂದ ಆಗುತ್ತದೆ. ಇನ್ನು ತಂತಿ ಬೋನು ಬಿಳಿ ಹೊಳಪಿನದಾದರೆ ಅದಕ್ಕೆ ಸತುವಿನ ಲೇಪ ಇರುತ್ತದೆ. ಅದು ಸುಟ್ಟ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಬೆಸುಗೆ ಕೆಲಸದವರನ್ನು ಕೇಳಿ, ಹೇಳುತ್ತಾರೆ.

ಚೇಣಿಮನೆ, ತೀರ್ಥಹಳ್ಳಿ ಕಡೆ:

ಚೊಗರಿನ ವಿಷಯ ನಾನು ಹೇಳುತ್ತೇನೆ. ಈಗ ಸುಗ್ಗಿಯೇ ನಡೆಯುತ್ತಿದೆ, ನಮ್ಮ ಅಂಗಳದಲ್ಲಿ ದಿನಾ ಹಂಡೆ ಒಲೆಯ ಮೇಲೇ ಇರುತ್ತದೆ.

ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಅಲಗು ನೋಡಿದ್ದೀರಲ್ವಾ? ಹೊಸದಾಗಿದ್ದಾಗ ಬೆಳ್ಳಗೆ ಹೊಳೆಯುತ್ತದೆ. ವಾರ ಸುಲಿದರೆ ಕಪ್ಪು. ತೊಳೆದರೂ ಹೋಗುವುದಿಲ್ಲ. ಅಡಿಕೆಯ ಒಗರು ಕಬ್ಬಿಣಕ್ಕೆ ಹಿಡಿದು ಆಗುವ ಕಪ್ಪು ಅದು. ಬೋನಿಗೂ ಅದನ್ನೇ ಮಾಡಬೇಕು. ಆ ಕಪ್ಪು ಪದರ ಬಂದರೆ ತುಕ್ಕು ಬೇಗ ಹಿಡಿಯುವುದಿಲ್ಲ, ಎಣ್ಣೆ ಹಚ್ಚುವ ಕೆಲಸವೇ ಇಲ್ಲ. ಕಬ್ಬಿಣದ ಹಸಿ ವಾಸನೆಯೂ ಅಡಗುತ್ತದೆ.

ಆದರೆ ಹೊಳೆಯುವ ಕಬ್ಬಿಣಕ್ಕೆ ಚೊಗರು ಸರಿಯಾಗಿ ಹಿಡಿಯುವುದಿಲ್ಲ. ಎಣ್ಣೆ ತೆಗೆದ ಮೇಲೆ ಎರಡು ಮೂರು ರಾತ್ರಿ ಅಂಗಳದಲ್ಲಿ ಇಬ್ಬನಿಗೆ ಇಡಿ. ತೆಳ್ಳಗೆ ಕಂದು ಬಣ್ಣ ಬಂದರೆ ಸಾಕು, ಪದರ ಏಳುವಷ್ಟು ತುಕ್ಕು ಬೇಡ. ಆಮೇಲೆ ಚೊಗರಿಗೆ ಒಂದಕ್ಕೆ ಎರಡರಷ್ಟು ನೀರು ಸೇರಿಸಿ, ಬೋನು ಮುಳುಗಿಸಿ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ಒಲೆ ಆರಿಸಿ ರಾತ್ರಿಯಿಡೀ ಅದರಲ್ಲೇ ಬಿಡಿ. ಬೆಳಿಗ್ಗೆ ತೆಗೆದರೆ ನೇರಳೆ ಹಣ್ಣಿನ ಬಣ್ಣ ಇರುತ್ತದೆ. ಗಾಳಿಗೆ ಒಣಗುತ್ತಾ ಕಪ್ಪಾಗುತ್ತದೆ. ಬಾವಿ ನೀರಲ್ಲಿ ಎರಡು ಸಲ ಅದ್ದಿ ನೆರಳಲ್ಲಿ ತೂಗುಹಾಕಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಅಡಿಕೆ ಬೇಯಿಸುವ ಹಂಡೆಯಲ್ಲಿ ಬೋನು ಹಾಕಬೇಡಿ. ಬೋನು ಕುದಿಸಿದ ಚೊಗರನ್ನು ಮತ್ತೆ ಅಡಿಕೆಗೂ ಬಳಸಬೇಡಿ. ಕಬ್ಬಿಣದ ಅಂಶ ಸೇರಿದರೆ ಅಡಿಕೆ ಕೆಂಪು ಬಿಟ್ಟು ಕಪ್ಪಾಗುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ. ಒಂದು ಬಕೆಟ್ಟಿನಷ್ಟು ಚೊಗರು ಬೇರೆ ತೆಗೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಚೆಲ್ಲಿಬಿಡಿ.

ಸುಗ್ಗಿ ಇಲ್ಲದ ಕಾಲದಲ್ಲಿ ಅಳಲೆಕಾಯಿ ಜಜ್ಜಿ ಕುದಿಸಿದರೂ ಆಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿಯೇ ಶಾಯಿ ಮಾಡುತ್ತಿದ್ದರು. ಅದೇ ಕಪ್ಪು ಇದು.

ತೋಟದಮನೆ, ಹೊಸನಗರ:

ಭಾವ, ಕಮ್ಮಾರಸಾಲೆ ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನನ್ನ ತಂತಿ ಬೋನು ಬಿಳಿ ಹೊಳಪಿನದು. ಅದಕ್ಕೂ ಚೊಗರು ಹಿಡಿಯುತ್ತದಾ?

ಕಮ್ಮಾರಸಾಲೆ, ಸಾಗರ:

ಇಲ್ಲ ಅಕ್ಕ. ಸತು ಇರುವಲ್ಲಿ ಆ ಕಪ್ಪು ಬರುವುದಿಲ್ಲ. ಅದನ್ನು ಅಂಟುವಾಳದಲ್ಲಿ ಕುದಿಸಿ, ಬಿಸಿಲು ಗಾಳಿಗೆ ಇಟ್ಟರೆ ಸಾಕು. ಚೊಗರು ಕತ್ತರಿಯ ಕಬ್ಬಿಣಕ್ಕೆ ಮಾತ್ರ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ:

ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದೇನೆ. ಎಲ್ಲರ ಅನುಭವವೂ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ ಮೊದಲೇ ಕೇಳಬೇಕು ಅನಿಸುತ್ತದೆ. ಯಾವ ವಾಸನೆ ತೆಗೆಯಬೇಕು?

ಮನೆ ಇಲಿಗೆ ಮನುಷ್ಯರ ವಾಸನೆ ಹೊಸದಲ್ಲ. ನಾವು ಮಲಗುವ ಕಂಬಳಿ, ನಾವು ಮುಟ್ಟಿದ ಅನ್ನ, ನಮ್ಮ ಅಡುಗೆಮನೆ ಹೊಗೆ, ಎಲ್ಲದರ ನಡುವೆಯೇ ಅದು ಹುಟ್ಟಿದ್ದು. ಕಾಡಿನ ನರಿಯೋ ತೋಳವೋ ಮನುಷ್ಯರ ವಾಸನೆಗೆ ದೂರ ಹೋಗಬಹುದು, ಅಟ್ಟದ ಇಲಿ ಹೋಗುವುದಿಲ್ಲ. ಅದು ಹೆದರುವುದು ತನ್ನ ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ಬಂದು ಕೂತ ಹೊಸ ವಸ್ತುವಿಗೆ. ನಿನ್ನೆ ಇಲ್ಲದ ಡಬ್ಬಿ ಇವತ್ತು ಗೋಡೆ ಪಕ್ಕ ಇದ್ದರೆ ಇಲಿ ಹಲವು ದಿನ ಸುತ್ತು ಹಾಕಿ ಹೋಗುತ್ತದೆ. ಆ ವಸ್ತುವಿಗೆ ಎಣ್ಣೆ, ಫಿನಾಯಿಲ್ ಅಂತ ಮನೆಯಲ್ಲಿಲ್ಲದ ವಾಸನೆಯೂ ಸೇರಿದರೆ ಅನುಮಾನ ಇನ್ನೂ ಜಾಸ್ತಿ.

ಅದಕ್ಕೇ ನಾನು ಹೇಳುವುದು, ಬೋನಿಗೆ ವಾಸನೆಯೇ ಇರಬಾರದು ಅಂತಲ್ಲ. ನಿಮ್ಮ ಅಟ್ಟದ ವಾಸನೆ ಇರಬೇಕು. ಅಡಿಕೆ ಮನೆಯಲ್ಲಿ ಚೊಗರಿನ ಕಂಪು ಎಲ್ಲ ಕಡೆ ಇದ್ದೇ ಇರುತ್ತದೆ. ಅಜ್ಜನ ಉಪಾಯ ಕೆಲಸ ಮಾಡಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಎಣಿಕೆ.

ಈಗ ಇಲಿಯದೇ ವಾಸನೆ. ಇನ್ನೊಂದು ಇಲಿ ಓಡಾಡಿದ, ಉಚ್ಚೆ ಹೊಯ್ದ ಜಾಗ ಅಂದರೆ ಇಲಿಗೆ ಧೈರ್ಯ. ಇಲಿಯ ಉಸಿರಿನಲ್ಲಿ ಕಾರ್ಬನ್ ಡೈಸಲ್ಫೈಡ್ ಅನ್ನುವ ಅಂಶ ಇರುತ್ತದೆ. ಒಂದು ಇಲಿ ಏನೋ ತಿಂದು ಬಂದರೆ ಇನ್ನೊಂದು ಅದರ ಬಾಯಿ ಮೂಸುತ್ತದೆ. ಆ ಉಸಿರಿನ ಜೊತೆ ಬಂದ ತಿಂಡಿಯ ವಾಸನೆಯನ್ನು 'ಇದನ್ನು ತಿನ್ನಬಹುದು' ಅಂತ ಕಲಿತುಕೊಳ್ಳುತ್ತದೆ. ಹಾಗಾಗಿ ಮೊದಲ ನಾಲ್ಕೈದು ದಿನ ಬೋನಿನ ಬಾಗಿಲು ಕಟ್ಟಿ ತೆರೆದಿಟ್ಟು, ಸುಮ್ನೆ ತಿನ್ನಲು ಬಿಡಿ. ಒಂದು ತಿಂದರೆ ಉಳಿದವೂ ಹುಡುಕಿಕೊಂಡು ಬರುತ್ತವೆ.

ಹೆದರಿಸುವ ವಾಸನೆ ಅಂದರೆ ಬೆಕ್ಕಿನದು. ಬೆಕ್ಕನ್ನೇ ನೋಡದ ಇಲಿಯೂ ಬೆಕ್ಕಿನ ಕೂದಲ ವಾಸನೆಗೆ ಮುದುಡಿ ಕೂರುತ್ತದೆ. ತಂಗಿ, ನಿಮ್ಮ ಬೋನನ್ನು ಎಲ್ಲಿ ಒಣಗಿಸಿದಿರಿ?

ತೋಟದಮನೆ, ಹೊಸನಗರ:

ಮೇಷ್ಟ್ರೇ, ಜಗುಲಿಯಲ್ಲಿ. ಬಿಸಿಲು ಬರುವ ಜಾಗ ಅದೊಂದೇ. ಮತ್ತೆ ನಮ್ಮ ಬೆಕ್ಕು ಮಲಗುವುದೂ ಅಲ್ಲೇ. ತಂತಿ ಬೋನಿನ ಮೇಲೆ ಗೋಣಿ ಹಾಸಿದ್ದೆ, ಎರಡು ದಿನ ಅದರ ಮೇಲೇ ಸುರುಳಿ ಸುತ್ತಿ ಮಲಗಿತ್ತು.

ಆಶಾ ಕೆಲಸದವಳು, ತೀರ್ಥಹಳ್ಳಿ:

ಮೇಷ್ಟ್ರ ಮಾತಿಗೆ ಒಂದು ಸೇರಿಸಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಇಲಿ ವಾಸನೆ ಇದ್ದರೆ ಒಳ್ಳೇದು ಅಂತ ಓದಿ, ಇಲಿ ಬಿದ್ದ ಬೋನನ್ನು ತೊಳೆಯದೆ ಬರಿಗೈಯಲ್ಲಿ ಹಿಡಿಯುವವರು ಇರುತ್ತಾರೆ. ಇಲಿ ಜ್ವರ ಬರುವುದು ಇಲಿ ಉಚ್ಚೆಯಿಂದಲೇ. ಅಡಿಕೆ ಸುಲಿದು ಬೆರಳೆಲ್ಲ ಗೀರು ಬಿದ್ದಿರುವ ಕಾಲ ಇದು. ಆ ಗೀರಿನಿಂದಲೇ ರೋಗಾಣು ಒಳಗೆ ಹೋಗುತ್ತದೆ. ಒದ್ದೆ ಜಾಗದಲ್ಲಿ ಅದು ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಬೋನು ಮುಟ್ಟುವಾಗ ರಬ್ಬರ್ ಗ್ಲೌಸ್ ಹಾಕಿ. ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಕವರ್ ಆದರೂ ಕೈಗೆ ಸುತ್ತಿಕೊಳ್ಳಿ. ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಬಂದರೆ ಮಾತ್ರೆ ನುಂಗಿ ಸುಮ್ಮನಿರಬೇಡಿ, ಆಸ್ಪತ್ರೆಗೆ ಬನ್ನಿ. ಬೋನು ತೊಳೆದ ಕತೆಯನ್ನೂ ಡಾಕ್ಟರಿಗೆ ಹೇಳಿ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ:

ನೀವು ಹೇಳಿದ್ದು ಸರಿ ತಂಗಿ, ನಾನು ಅದನ್ನೇ ಮೊದಲು ಬರೆಯಬೇಕಿತ್ತು. ಮನೆಯವರ ಆರೋಗ್ಯದ ಮುಂದೆ ಒಂದು ಇಲಿ ಹೆಚ್ಚು ಬೀಳುವುದು ದೊಡ್ಡದಲ್ಲ. ಬ್ಲೀಚಿಂಗ್ ಪೌಡರ್ ಬಳಸಿದರೆ ಅದರ ಘಾಟು ಉಳಿಯುತ್ತದೆ, ಕಬ್ಬಿಣಕ್ಕೂ ತುಕ್ಕು. ಅದರ ಬದಲು ಪ್ರತಿ ಸಲ ಬೋನಿನ ಮೇಲೆ ಕುದಿಯುವ ನೀರು ಸುರಿದು ಬಿಸಿಲಿಗೆ ಇಡಿ. ರೋಗಾಣು ಸಾಯುತ್ತದೆ, ಹೊಸ ವಾಸನೆಯೂ ಸೇರುವುದಿಲ್ಲ. ಗಾಬರಿಯಾಗಿ ಒದ್ದಾಡಿದ ಇಲಿ ಬಿಡುವ ವಾಸನೆಗೆ ಬೇರೆ ಇಲಿಗಳು ಹಿಂಜರಿಯುತ್ತವೆ. ಅದೂ ಹೋಗುತ್ತದೆ.

ಗುಡ್ಡದ ಮನೆ:

ನಮ್ಮ ಕಡೆ ಇಷ್ಟೆಲ್ಲ ಮಾಡುವುದಿಲ್ಲ. ತೊಳೆದ ಬೋನನ್ನು ಬೆಟ್ಟದ ದರಗಿನ (ಉದುರಿದ ಒಣ ಎಲೆಯ) ರಾಶಿಯಲ್ಲಿ ಒಂದು ವಾರ ಹೂತಿಡುತ್ತೇವೆ. ಮಣ್ಣು, ಎಲೆ ವಾಸನೆ ಬರುತ್ತದೆ. ಅಷ್ಟೇ.

ಆಶಾ ಕೆಲಸದವಳು, ತೀರ್ಥಹಳ್ಳಿ:

ಅಣ್ಣ, ಮಳೆಗಾಲದಲ್ಲಿ ಸರಿ. ಈಗ ಚಳಿಗಾಲದಿಂದ ಮುಂದೆ ಮೇ ತನಕ ದಯವಿಟ್ಟು ಬೇಡ. ಒಣ ದರಗಿನಲ್ಲಿ ಮರಿ ಉಣುಗು (ರಕ್ತ ಹೀರುವ ಉಣ್ಣೆ ಹುಳ) ತುಂಬಿರುತ್ತದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ ಬರುವ ಕಾಯಿಲೆ. ಕಾಡಿನ ಸಣ್ಣ ಇಲಿಗಳ ಮೈಮೇಲೂ ಅದೇ ಉಣುಗು ಇರುತ್ತದೆ. ದರಗಿನಲ್ಲಿಟ್ಟ ಬೋನನ್ನು ಮನೆಗೆ ತಂದರೆ ಉಣುಗನ್ನೂ ತಂದ ಹಾಗೆ. ಮಣ್ಣಿನ ವಾಸನೆಯೇ ಬೇಕಾದರೆ ಅಂಗಳದ ಕೆಂಪು ಮಣ್ಣನ್ನು ಕಲಸಿ ಬಳಿದು ಒಣಗಿಸಿ ಉದುರಿಸಿ.

ಗುಡ್ಡದ ಮನೆ:

ಇದು ಹೊಳೆದಿರಲಿಲ್ಲ. ಈ ವರ್ಷದಿಂದ ಹಾಗೇ ಮಾಡುತ್ತೇನೆ.

ಜೇನುಪೆಟ್ಟಿಗೆ, ಸೊರಬ:

ಚೊಗರು ಆದ ಮೇಲೆ ಜೇನುಮೇಣದ ತೆಳು ಪದರ ಕೊಟ್ಟರೆ ಬೋನು ವರ್ಷಗಟ್ಟಲೆ ಬರುತ್ತದೆ. ಕತ್ತರಿ ಇನ್ನೂ ಚುರುಕಾಗಿ ಬೀಳುತ್ತದೆ. ತುಡುವೆ ಜೇನಿನ ಹಳೇ ಎರಿ ಕರಗಿಸಿದ ಮೇಣ ಸಾಕು. ಮೇಣವನ್ನು ನೇರ ಒಲೆ ಮೇಲೆ ಇಡಬೇಡಿ, ಹತ್ತಿಕೊಳ್ಳುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಣ್ಣ ಡಬ್ಬಿ ಇಟ್ಟು ಕರಗಿಸಿ. 65 ಡಿಗ್ರಿ ಒಳಗೇ ಕರಗುತ್ತದೆ. ಕಬ್ಬಿಣ ಬಿಸಿ ಇರುವಾಗಲೇ ಅದ್ದಿ ತೆಗೆದರೆ ಮೇಣ ತೆಳ್ಳಗೆ ಕೂರುತ್ತದೆ. ತಣ್ಣನೆ ಕಬ್ಬಿಣಕ್ಕೆ ದಪ್ಪವಾಗಿ ಕೂತು ಚಕ್ಕೆ ಏಳುತ್ತದೆ.

ಕಡ್ಡಿ ಸಿಕ್ಕಿಸುವ ಕಚ್ಚು ಇರುತ್ತದಲ್ಲ, ಅಲ್ಲಿಯ ಮೇಣವನ್ನು ಮಾತ್ರ ಕೆರೆದು ತೆಗೆಯಿರಿ. ಇಲ್ಲದಿದ್ದರೆ ಕಡ್ಡಿ ಜಾರಿ ಬೋನು ಇಡುವವರ ಬೆರಳಿಗೇ ಬೀಳುತ್ತದೆ.

ಹೊಸ ತೋಟಗಾರ:

ತುಂಬಾ ಉಪಯೋಗ ಆಯಿತು. ನಮ್ಮ ತೋಟದಲ್ಲಿ ಕಬ್ಬೆಕ್ಕು, ಮುಳ್ಳುಹಂದಿ ಕಾಟವೂ ಇದೆ. ದೊಡ್ಡ ಬೋನಿಗೂ, ಉರುಳಿನ ತಂತಿಗೂ ಇದೇ ಚೊಗರು ಮಾಡಬಹುದಾ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ:

ಬೇಡ ತಮ್ಮ. ಕಬ್ಬೆಕ್ಕು, ಮುಳ್ಳುಹಂದಿ, ಕೆಂದಳಿಲು, ಮುಂಗುಸಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಹಿಡಿಯಲು ಉರುಳು ಇಡುವುದು, ಎರಡೂ ಅಪರಾಧ. ಉರುಳಿಗೆ ಇಂಥದ್ದೇ ಬೀಳಬೇಕು ಅಂತ ಗೊತ್ತಿರುವುದಿಲ್ಲ. ಹಂದಿಗೆ ಇಟ್ಟದ್ದಕ್ಕೆ ಚಿರತೆ ಬಿದ್ದು ನರಳಿ ಸತ್ತದ್ದುಂಟು. ಬೆಳೆ ಹಾನಿ ಜಾಸ್ತಿ ಇದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ. ಇಲ್ಲಿ ನಾವು ಮಾತಾಡುತ್ತಿರುವುದು ಮನೆ ಇಲಿ, ಹೆಗ್ಗಣಕ್ಕೆ ಮಾತ್ರ.

ಕಮ್ಮಾರಸಾಲೆ, ಸಾಗರ:

ನಮ್ಮ ಸಾಲೆಗೂ ಉರುಳಿನ ತಂತಿ ಕೇಳಿಕೊಂಡು ಬರುತ್ತಾರೆ. ಕೊಡುವುದಿಲ್ಲ.

ಹೊಸ ತೋಟಗಾರ:

ಸರಿ ಸಾರ್, ಅರ್ಥ ಆಯಿತು. ಅರ್ಜಿ ಕೊಡುತ್ತೇನೆ.

ಆಗುಂಬೆ ಮಳೆ:

ತಂತಿ ಬೋನಿಗೆ ಸುಂಡಿಲಿ ಬಿದ್ದರೆ ದಯವಿಟ್ಟು ಬಿಟ್ಟುಬಿಡಿ. ಉದ್ದ ಮೂತಿ, ಚಿಕ್ಕ ಕಣ್ಣು, ಚಿಕ್ ಚಿಕ್ ಸದ್ದು. ಅದು ಇಲಿಯೇ ಅಲ್ಲ. ಜಿರಳೆ, ಹುಳ ತಿಂದುಕೊಂಡಿರುವ ಜೀವ. ಬೋನಿಗೆ ಒಂದು ಥರ ಘಾಟು ಬಿಟ್ಟು ಹೋಗುತ್ತದೆ. ಆಗ ಕುದಿಸಲೇಬೇಕು, ಬರೀ ಬಿಸಿನೀರು ಸಾಲದು.

ಇನ್ನೊಂದು ನಮ್ಮ ಊರಿನ ಕಷ್ಟ. ಜೂನ್ ಬಂತೆಂದರೆ ನಾಲ್ಕು ತಿಂಗಳು ಬಿಸಿಲೇ ಇಲ್ಲ. ಚೊಗರು ಕೊಟ್ಟ ಬೋನಿಗೂ ಬೂಷ್ಟು ಹಿಡಿಯುತ್ತದೆ. ನಾವು ಒಲೆಯ ಮೇಲಿನ ಅಟ್ಟದಲ್ಲಿ ನೇತುಹಾಕುತ್ತೇವೆ. ಹೊಗೆ ಹಿಡಿದರೆ ಏನೂ ತೊಂದರೆ ಇಲ್ಲ, ಮನೆಯೆಲ್ಲ ಅದೇ ವಾಸನೆ ಅಲ್ವಾ? ಮೇಣ ಹಚ್ಚಿದ್ದನ್ನು ಮಾತ್ರ ಒಲೆಗೆ ತೀರಾ ಹತ್ತಿರ ಇಡಬೇಡಿ, ಇಳಿದುಹೋಗುತ್ತದೆ.

ತೋಟದಮನೆ, ಹೊಸನಗರ:

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ.

ತಂತಿ ಬೋನನ್ನು ಅಂಟುವಾಳದಲ್ಲಿ ಕುದಿಸಿದಾಗ ನೀರಿನ ಮೇಲೆ ನವಿಲುಗರಿ ಬಣ್ಣದ ಪೊರೆ ಬಂತು. ಅಣ್ಣ ಹೇಳಿದ ಹಾಗೆ ನೀರು ಉಕ್ಕಿಸಿಯೇ ಎತ್ತಿದೆ. ಒಣಗಿಸಿದ್ದು ಜಗುಲಿಯಲ್ಲಲ್ಲ, ಅಡಿಕೆ ಒಣಗಿಸುವ ಅಟ್ಟದ ಮೂಲೆಯಲ್ಲಿ, ಬೆಕ್ಕು ಹತ್ತದ ಕಡೆ.

ಕತ್ತರಿಯ ಕಬ್ಬಿಣವನ್ನು ಮೂರು ರಾತ್ರಿ ಇಬ್ಬನಿಗೆ ಇಟ್ಟು ಚೊಗರಿಗೆ ಹಾಕಿದೆ. ಬೆಳಿಗ್ಗೆ ಅತ್ತೆಯೇ ಇಕ್ಕಳದಲ್ಲಿ ಹಿಡಿದು ಮೇಲೆತ್ತಿದರು. ನೇರಳೆ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. 'ಇದೇ, ಮಾವನವರು ತೆಗೆದಾಗ ಹೀಗೇ ಇರುತ್ತಿತ್ತು' ಅಂದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತರು. ಫಿನಾಯಿಲ್ ಕುಡಿದ ಹಳೇ ಹಲಗೆ ಎಸೆದು, ಹಲಸಿನ ಹಲಗೆಯ ತುಂಡಿಗೆ ಮೊಳೆ ಹೊಡೆಸಿದೆವು.

ತಂತಿ ಬೋನಿನ ಬಾಗಿಲು ದಾರದಲ್ಲಿ ಕಟ್ಟಿ, ಸುಟ್ಟ ಹಲಸಿನ ಹಪ್ಪಳದ ಚೂರು ಇಟ್ಟೆ. ಎರಡು ರಾತ್ರಿ ಏನೂ ಇಲ್ಲ. ಮೂರನೇ ದಿನ ಬಾಗಿಲ ಹತ್ತಿರದ ಚೂರು ಮಾತ್ರ ಹೋಗಿತ್ತು. ಐದನೇ ದಿನ ಪೂರ್ತಿ ಖಾಲಿ, ಒಳಗೆ ಹಿಕ್ಕೆ. ಆರನೇ ದಿನ ದಾರ ಬಿಚ್ಚಿದೆ. ಆ ರಾತ್ರಿ ಒಂದು, ಮರುದಿನ ಎರಡು. ಇಲ್ಲಿಯವರೆಗೆ ತಂತಿ ಬೋನಿಗೆ ಏಳು, ಕತ್ತರಿಗೆ ನಾಲ್ಕು. ಗ್ಲೌಸ್ ಹಾಕದೆ ಒಂದು ಸಲವೂ ಮುಟ್ಟಿಲ್ಲ ಆಶಾ ತಂಗಿ, ನೆನಪಿಟ್ಟುಕೊಂಡಿದ್ದೇನೆ.

ಮೇಣ ಇನ್ನೂ ಕೊಟ್ಟಿಲ್ಲ. ಸೊರಬದ ಅಣ್ಣ, ಒಂದು ಕತ್ತರಿಗೆ ಎಷ್ಟು ಮೇಣ ಬೇಕು?

ಜೇನುಪೆಟ್ಟಿಗೆ, ಸೊರಬ:

ಒಂದು ನಿಂಬೆಹಣ್ಣಿನಷ್ಟು ಉಂಡೆ ಇದ್ದರೆ ಸಾಕು ಅಕ್ಕ. ಬ್ರಷ್ಷಿನಲ್ಲಿ ಹಚ್ಚಿದರೆ ಅದರಲ್ಲೇ ಮೂರು ನಾಲ್ಕು ಕತ್ತರಿ ಆಗುತ್ತದೆ. ಸುಲಿದು ಮುಗಿದ ಮೇಲೆ ನಿಧಾನಕ್ಕೆ ಮಾಡಿ, ಮಳೆಗಾಲದ ಮೊದಲು ಆದರೆ ಆಯಿತು.